ಅರ್ಧ ಅಂಕ

ಒಂಬತ್ತನೇ ಇಯತ್ತೆ, ಊಟದ ನಂತರದ ತಾಸು.
ದುಧನಿಯ ಅಡತಿ ಅಂಗಡಿಗಳಿಂದ ತೊಗರಿಯ ದೂಳು
ಕಿಟಕಿ ದಾಟಿ ಬಂದು ಹಲಗೆಯ ಮೇಲೆ ಕೂತಿತ್ತು.
ಅದರ ಮೇಲೇ ಬರೆದೆ: ಇಟ್ ಈಸ್ ಗೋಯಿಂಗ್ ಟು ರೇನ್.
ಹಮಾಲ ಸಿದ್ಧಪ್ಪನ ಮಗಳು ಮಹಾನಂದಾ
ಕೈ ಎತ್ತದೆ ಎದ್ದು ನಿಂತು ಕೇಳಿದಳು:
"ಮಳಿ ಎಲ್ಲಿಗಿ ಹೊಂಟದ್ರಿ ಸರ?"

ವರ್ಗವೆಲ್ಲ ನಕ್ಕಿತು. ನಾನೂ ನಕ್ಕೆ, ಮಾಸ್ತರನ ನಗು,
ಉತ್ತರ ಗೊತ್ತಿಲ್ಲದಾಗಿನದು.
ಪುಸ್ತಕದಲ್ಲಿ ಒಂದು ಚೌಕಟ್ಟು, ಅದರೊಳಗೆ ಭವಿಷ್ಯತ್ಕಾಲ,
ಅಷ್ಟೇ. ಗಂಟೆ ಬಾರಿಸಿ ಸಿಪಾಯಿ ಕಾಪಾಡಿದ.

ಸಂಜೆ ಸ್ಟೇಷನ್ನಿನ ಕಲ್ಲುಬೆಂಚಿನಲ್ಲಿ
ಸೊಲ್ಲಾಪುರದ ಗಾಡಿ ಕಾಯುತ್ತ
ಆ ಮಳೆಯ ಹಿಂದೆ ನಾನೇ ಹೊರಟೆ.
ಇಂಗ್ಲೆಂಡಿನ ಯಾವುದೋ ಕೆಸರು ದಾರಿ, ನಾಲ್ಕೈದು ನೂರು ವರ್ಷದ ಕೆಳಗೆ.
ಉಣ್ಣೆಯ ಗಂಟು ಹೊತ್ತವನನ್ನು ಯಾರೋ ತಡೆದು ಕೇಳುತ್ತಾನೆ.
ಹೊರಟಿದ್ದೇನೆ, ಮಾರುವುದಕ್ಕೆ, ಅನ್ನುತ್ತಾನೆ ಅವನು.
ಆ ಮಾತಿಗೆ ಇನ್ನೂ ಕಾಲಿದೆ, ಕಾಲಿಗೆ ಕೆಸರಿದೆ.
ಕೇಳಿದವನಿಗೆ ದಾರಿ ಬೇಕಿಲ್ಲ, ಅವನು ಉಣ್ಣೆಯ ಗಿರಾಕಿ.
ಕಿವಿಗೆ ಬಿದ್ದದ್ದು ಮಾರುವುದೊಂದೇ,
ಇನ್ನೂ ಮಾರಿಲ್ಲ, ಮಾರಲಿದ್ದಾನೆ ಎಂಬುದೊಂದೇ.
ಆಡಿದವನು ಒಂದು ಕೊಟ್ಟ,
ಕೇಳಿದವನು ಅದರ ಪಕ್ಕದ್ದನ್ನು ಎತ್ತಿಕೊಂಡ.
ಇಬ್ಬರದೂ ತಪ್ಪಿಲ್ಲ. ವ್ಯಾಕರಣ ಮಗ್ಗುಲು ಬದಲಿಸಿದ್ದು
ಆ ಸಣ್ಣ ಸಂದಿಯಲ್ಲಿ, ಯಾರಿಗೂ ಸುದ್ದಿಯಿಲ್ಲದೆ.

ಆಮೇಲೆ ಒಂದು ದಿನ ಕುರ್ಚಿಯಲ್ಲಿ ಕೂತ ಮುದುಕಿಯೊಬ್ಬಳು,
ಎಲ್ಲಿಗೂ ಹೋಗದವಳು, ಅದೇ ಮಾತಾಡಿದಳು. ಯಾರೂ ನಗಲಿಲ್ಲ.
ಆಮೇಲೆ ಗೋಡೆ ಬೀಳಲು ಹೊರಟಿತು, ಮಳೆ ಬರಲು ಹೊರಟಿತು.
ನಡೆಯದ ಮಾತಿಗೆ ಚಪ್ಪಲಿ ಯಾಕೆ?
ಸವೆದು ಸವೆದು ಗೊನ್ನಾ ಆಯಿತು.
ಆದರೆ ಗೊನ್ನಾ ಸೊಲ್ಲಾಪುರ್ ಅನ್ನಲಿಕ್ಕೆ ಬರುವುದಿಲ್ಲ ನೋಡಿ,
ನಿಜಕ್ಕೂ ಹೋಗುವವನು ಪೂರ್ತಿ ಮಾತು ಆಡಲೇಬೇಕು.

ಗಾಡಿ ಬಂತು. "ಹತ್ರಿ, ಲಗೂನ ಹತ್ರಿ" ಎಂದು
ಚಹಾದ ಅಲ್ಲಾಬಕ್ಷ ಕೂಗಿದ.
ಮೆಟ್ಟಿಲಿಗೆ ಕಾಲಿಡಲು ಹೋದವನು ಹಾಗೇ ನಿಂತೆ.
ಹತ್ತು!
ಮಹಾನಂದಾ ದಿನಾ ಅನ್ನುತ್ತಾಳಲ್ಲ, ಬರೀಲಾಕತ್ತೀನ್ರಿ, ಓದ್ಲಾಕತ್ತೀನ್ರಿ,
ಬರೆಯಲಿಕ್ಕೆ ಹತ್ತಿದ್ದಾಳೆ, ಓದಲಿಕ್ಕೆ ಹತ್ತಿದ್ದಾಳೆ.
ಯಾವ ಮೆಟ್ಟಿಲು, ಯಾವ ಗುಡ್ಡ?
ಗಾಡಿ ಹತ್ತುವಾಗ ಗಟ್ಟಿ ನಿಂತಿರುವ ಹಕಾರ
ಅಳ್ಲಾಕತ್ತೀನಿ ಅನ್ನುವಾಗ ಎಲ್ಲೋ ಉದುರಿ ಹೋಗಿದೆ.
ಪಕ್ಕದ ಮರಾಠಿ ವರ್ಗದಲ್ಲಿ ಘೋಡಕೆ ಬಾಯಿ ಅನ್ನುತ್ತಾರೆ,
ರಡಾಯ್ಲಾ ಲಾಗ್ಲೀ.
ಅವರಲ್ಲಿ ಬೆಂಕಿ ಲಾಗುತ್ತದೆ, ಅಳುವೂ ಲಾಗುತ್ತದೆ,
ನಮ್ಮಲ್ಲಿ ಎರಡೂ ಹತ್ತುತ್ತವೆ.
ಯಾರು ಯಾರಲ್ಲಿ ಕಡ ತಂದರೋ.
ಗೋಡೆಗೆ ಗೋಡೆ ಹಚ್ಚಿದ ಮನೆಗಳಲ್ಲಿ
ಸಕ್ಕರೆ ಬಟ್ಟಲಿನ ಲೆಕ್ಕ ಯಾರೂ ಇಟ್ಟಿಲ್ಲ.

ಗಾಡಿ ಬಿಟ್ಟಿತು. ನಾನು ಹತ್ತಿರಲಿಲ್ಲ.
"ಏನ್ರಿ ಮಾಸ್ತರ, ಹೊಂಟಿದ್ರೆಲ್ಲ?" ಅಂದ ಅಲ್ಲಾಬಕ್ಷ.

ಶನಿವಾರ ಇದನ್ನೆಲ್ಲ ವರ್ಗದಲ್ಲಿ ಹೇಳಿದೆ. ಅರ್ಧ ಮಂದಿ ಆಕಳಿಸಿದರು.
ಸೋಮವಾರ ಕಿರುಪರೀಕ್ಷೆ:
ಮಳಿ ಬರ್ಲಾಕತ್ತದ, ಇಂಗ್ಲಿಷಿನಲ್ಲಿ ಬರೆಯಿರಿ.
ಮಹಾನಂದಾ ಬರೆದಿದ್ದಳು:
ರೇನ್ ಈಸ್ ಕ್ಲೈಂಬಿಂಗ್ ಟು ಕಮ್.

ಕೆಂಪು ಪೆನ್ನು ಅದರ ಮೇಲೆ ಬಹಳ ಹೊತ್ತು ನಿಂತಿತು.
ಅರ್ಧ ಅಂಕ ಕೊಟ್ಟೆ.
ಉಳಿದರ್ಧ ಎಲ್ಲಿ ಎಂದು ಕೇಳಲು ಬಂದಳು.
"ಅದಕ್ಕ ಐನೂರು ವರ್ಷ ತಡೀಬೇಕವ್ವ" ಅಂದೆ.
ಕಾಗದ ನಾಲ್ಕು ಮಡಿಕೆ ಮಾಡಿ,
ಬೆಂಚಿನ ತುದಿಗೆ ಕೂತು,
"ತಡೀಲಾಕತ್ತೀನ್ರಿ" ಅಂದಳು.